ಸಿಸ್ಟಮ್ ಓಪನ್ ಆಗ್ತಾ ಉಂಟು, ಕೂತ್ಕೊಳ್ಳಿ

ಕೆಲವರ ಹಣೆಯಲ್ಲಿ ರಾಜಯೋಗ ಬರೆದಿರುತ್ತದಂತೆ. ನನ್ನ ಹಣೆಯಲ್ಲಿ ಬ್ರಹ್ಮ "ದಯವಿಟ್ಟು ಕಾಯಿರಿ" ಅಂತ ಬರೆದು, ಪಕ್ಕದಲ್ಲಿ ತಿರುಗುವ ಒಂದು ಚಕ್ರವನ್ನೂ ಬಿಡಿಸಿ ಕಳಿಸಿದ್ದಾನೆ. ಸ್ಕೂಟರನ್ನು ಅಂಗಳದಿಂದ ರಸ್ತೆಗೆ ಇಳಿಸಿದರೆ ಸಾಕು, ಪುತ್ತೂರು, ಸುಳ್ಯ, ಕಡಬದ ನಡುವೆ ಎಲ್ಲೋ ಒಂದು ಕಡೆ ಒಂದು ಎಡವಟ್ಟು ನನಗಾಗಿಯೇ ಕಾದು ಕುಳಿತಿರುತ್ತದೆ.

ನನ್ನದು ಪುತ್ತೂರಿನಲ್ಲಿ ಒಂದು ಸಣ್ಣ ಕಂಪ್ಯೂಟರ್ ರಿಪೇರಿ ಅಂಗಡಿ. ಮಾಲಕಿಯೂ ನಾನೇ, ಕೆಲಸದವಳೂ ನಾನೇ. ಸಿಟ್ಟು ಮೂಗಿನ ತುದಿಯಲ್ಲಿ, ಅದು ಬಿಟ್ಟರೆ ಒಳ್ಳೆಯವಳು ಅಂತ ನನ್ನ ಅಮ್ಮ ಹೇಳುತ್ತಾರೆ. ಅಂಗಡಿ ನಡೆಯುವುದು ಮುಖ್ಯವಾಗಿ ಒಂದು ಸಂಘದಿಂದ. ರೈತರಿಗೆ ಗೊಬ್ಬರ, ಮೈಲುತುತ್ತು, ಪಂಪು, ಪೈಪು ಮಾರುವ ಸಂಘ ಅದು. ಹೆಡ್ ಆಫೀಸು ಪುತ್ತೂರಿನದ್ದೇ ದರ್ಬೆಯಲ್ಲಿ, ಸುಳ್ಯ, ಕಡಬ, ಉಪ್ಪಿನಂಗಡಿಯಲ್ಲಿ ಶಾಖೆ, ಸಂಪಾಜೆಯಲ್ಲಿ ಒಂದು ಸಣ್ಣ ಡಿಪೋ. ಎಲ್ಲ ಕಡೆಯ ಕಂಪ್ಯೂಟರುಗಳೂ ಬೆಳಿಗ್ಗೆ ದರ್ಬೆಯ ಮೂಲೆಕೋಣೆಯಲ್ಲಿರುವ ಸರ್ವರ್ ಎಂಬ ದೊಡ್ಡ ಯಂತ್ರದ ಅಪ್ಪಣೆ ಪಡೆದೇ ತೆರೆಯಬೇಕು. ಆ ಅಪ್ಪಣೆ ಸಿಗುವಷ್ಟರಲ್ಲಿ ಜನರಿಗೆ ವಯಸ್ಸಾಗುತ್ತಿತ್ತು. ಅದೇ ತಕರಾರು.

ಹೋದ ವರ್ಷದ ಮಹಾಸಭೆಯಲ್ಲಿ ಬೆಳ್ಳಾರೆ ಬದಿಯ ಒಬ್ಬ ಸದಸ್ಯರು ಎದ್ದು ನಿಂತು ಹೇಳಿಯೇ ಬಿಟ್ಟರು. "ಒಂದು ಗೋಣಿ ಗೊಬ್ಬರದ ಬಿಲ್ಲಿಗೆ ಬಂದವ ನಾನು. ಸಿಸ್ಟಮ್ ಓಪನ್ ಆಗ್ತಾ ಉಂಟು, ಕೂತ್ಕೊಳ್ಳಿ ಅಂದ್ರು. ಕೂತೆ. ನಿದ್ದೆ ಬಂತು. ಎಚ್ಚರ ಆಗುವಾಗ ಊಟದ ಬಿಡುವು, ಕಿಟಿಕಿ ಬಂದ್! ಇನ್ನು ಬರುವಾಗ ನಾನು ದಿಂಬು ಹಿಡ್ಕೊಂಡೇ ಬರುದು ಮಾರಾಯ್ರೆ."

ಸಭೆಗೆ ಸಭೆಯೇ ಬಿದ್ದು ಬಿದ್ದು ನಕ್ಕಿತು. ಅಧ್ಯಕ್ಷರು ಮಾತ್ರ ನಗಲಿಲ್ಲ. ಸಭೆ ಮುಗಿದ ಮೇಲೆ ನನ್ನನ್ನು ಕರೆದು, "ನೋಡಿ ಮೇಡಂ, ಮುಂದಿನ ಮಹಾಸಭೆಗೆ ಇದು ಸರಿ ಆಗಿರ್ಬೇಕು. ಇಲ್ಲದಿದ್ರೆ ಕೆಲಸ ಮಂಗಳೂರಿನ ಕಂಪನಿಗೆ ಕೊಡುದು. ಮತ್ತೆ ನನ್ನ ಮೇಲೆ ಬೇಜಾರು ಮಾಡ್ಬೇಡಿ" ಅಂದರು.

ಆ ಸಂಘ ಕೈಬಿಟ್ಟರೆ ನಾನು ಮೌಸು, ಚಾರ್ಜರು ಮಾರಿಕೊಂಡು ನೊಣ ಓಡಿಸುತ್ತಾ ಕೂರಬೇಕು. ಹೆದರಿಕೆ ಆಯಿತು. ಅಂದು ಮನೆಗೆ ಹೋಗಿ ಊಟ ಸೇರಲಿಲ್ಲ. ಮರುದಿನವೇ ಕೆಲಸಕ್ಕೆ ಇಳಿದೆ.

೧. ಗೋಳಿಬಜೆಯ ಲೆಕ್ಕ

ರೋಗ ಗುಣ ಮಾಡುವ ಮೊದಲು ಜ್ವರ ಎಷ್ಟು ಅಂತ ನೋಡಬೇಕಲ್ಲ. ಎಲ್ಲ ಶಾಖೆಗಳಿಗೂ ಫೋನು ಮಾಡಿ, "ಪಾಸ್‌ವರ್ಡ್ ಹಾಕಿದ ಮೇಲೆ ಓಪನ್ ಆಗ್ಲಿಕ್ಕೆ ಎಷ್ಟು ಹೊತ್ತು ಬೇಕು? ನೋಡಿ ಹೇಳಿ" ಅಂದೆ.

ಕಡಬದಿಂದ ಉತ್ತರ ಬಂತು: "ಒಂದು ಸಲ ಎಲೆ ಅಡಿಕೆ ಹಾಕಿ, ಜಗಿದು, ಹೊರಗೆ ಹೋಗಿ ಉಗುಳಿ, ಬಾಯಿ ತೊಳೆದು ಬರುವಷ್ಟು."

ಉಪ್ಪಿನಂಗಡಿಯವರು ಇನ್ನೂ ಕರಾರುವಾಕ್ಕು. "ಒಂದು ಚಾ, ಒಂದು ಪ್ಲೇಟು ಗೋಳಿಬಜೆ. ಗೋಳಿಬಜೆ ಬಿಸಿ ಇದ್ರೆ ಊದಿ ಊದಿ ತಿನ್ಬೇಕಲ್ಲ, ಅದರ ಒಳಗೆ ಓಪನ್ ಆಗ್ತದೆ. ತಣಿದದ್ದಾದ್ರೆ ಇಲ್ಲ."

"ಗಡಿಯಾರ ಇಲ್ವಾ ನಿಮ್ಮಲ್ಲಿ?" ಅಂತ ರೇಗಿದೆ.

"ಉಂಟು ಮೇಡಂ. ಆದ್ರೆ ಅದನ್ನು ನೋಡ್ತಾ ಕೂತ್ರೆ ಸಿಟ್ಟು ಬರ್ತದೆ. ಗೋಳಿಬಜೆ ತಿಂದ್ರೆ ಬರುದಿಲ್ಲ."

ಸಂಪಾಜೆಯ ಡಿಪೋದಲ್ಲಿ ಇರುವುದು ಒಬ್ಬರೇ ಗುಮಾಸ್ತರು, ಒಂದೇ ಕಂಪ್ಯೂಟರು. ಅವರ ಮೇಜು ರಸ್ತೆಗೆ ಮುಖ ಮಾಡಿದೆ. "ನನಗೆ ಎರಡು ಮಡಿಕೇರಿ ಬಸ್ಸು ಬೇಕು" ಅಂದರು. ಅಂದರೆ, ಪಾಸ್‌ವರ್ಡ್ ಹಾಕಿದ ಮೇಲೆ ಎರಡು ಬಸ್ಸು ಘಾಟಿ ಹತ್ತಿ ಹೋಗುವಷ್ಟು ಹೊತ್ತು. ಸರಿ, ಅದನ್ನೇ ಬರೆದುಕೊಂಡೆ. ಒಂದು ವಾರ ಬಿಟ್ಟು, ಅಲ್ಲಿನ ಲೈನು ಸರಿಪಡಿಸಿ, ಈಗ ಹೇಗಿದೆ ಅಂತ ಕೇಳಲು ಫೋನು ಮಾಡಿದೆ.

"ಮೇಡಂ, ಇವತ್ತು ಹೇಳ್ಲಿಕ್ಕೆ ಆಗುದಿಲ್ಲ" ಅಂದರು.

"ಎಂತಕ್ಕೆ? ಓಪನ್ ಆಗ್ಲಿಲ್ವಾ?"

"ಆಯ್ತು. ಆದ್ರೆ ಘಾಟಿಯಲ್ಲಿ ಮರ ಬಿದ್ದು ಬಸ್ಸೇ ಬರ್ಲಿಲ್ಲ. ಹಾಗಾಗಿ ಎಷ್ಟು ಹೊತ್ತಾಯ್ತು ಅಂತ ಗೊತ್ತಾಗ್ಲಿಲ್ಲ."

೨. ಗಂಟೆ ಹೊಡೆದ ಮೇಲೆ

ದರ್ಬೆಯ ಹೆಡ್ ಆಫೀಸಿನ ಕತೆ ವಿಚಿತ್ರ. ನಾನು ಯಾವಾಗ ಹೋದರೂ ಕಂಪ್ಯೂಟರುಗಳು ಚೆನ್ನಾಗಿಯೇ ತೆರೆಯುತ್ತಿದ್ದವು. "ಎಲ್ಲಿ ಸ್ಲೋ ಉಂಟು? ತೋರಿಸಿ ನೋಡುವ" ಅಂದರೆ, "ನಿಮ್ಮನ್ನು ಕಂಡ್ರೆ ಅದಕ್ಕೆ ಹೆದರಿಕೆ ಮೇಡಂ. ಬೆಳಿಗ್ಗೆ ನೋಡ್ಬೇಕು ಅದರ ಕುಣಿತ" ಅನ್ನುತ್ತಿದ್ದರು.

ಹಾಗಾದರೆ ನೋಡಿಯೇ ಬಿಡುವ ಅಂತ ಒಂದು ದಿನ ಆಫೀಸಿನ ಬಾಗಿಲು ತೆಗೆಯುವ ಮೊದಲೇ ಹೋಗಿ ನಿಂತೆ. ಸಿಬ್ಬಂದಿ ಬಂದರು, ಕಸ ಗುಡಿಸಿದರು, ಕಂಪ್ಯೂಟರುಗಳ ಸ್ವಿಚ್ಚು ಹಾಕಿದರು. ಎಲ್ಲರೂ ತಮ್ಮ ತಮ್ಮ ಪಾಸ್‌ವರ್ಡ್ ಬೆರಳಚ್ಚಿಸಿ, ಎಂಟರ್ ಒತ್ತದೆ, ಅದರ ಮೇಲೆ ಬೆರಳಿಟ್ಟು ಸುಮ್ಮನೆ ಕುಳಿತರು. ನನಗೆ ಅರ್ಥವಾಗಲಿಲ್ಲ. ಅಷ್ಟರಲ್ಲಿ ಮ್ಯಾನೇಜರು ದೇವರ ಪಟಕ್ಕೆ ದೀಪ ಹಚ್ಚಿ, ಊದುಬತ್ತಿ ಹಿಡಿದು ಒಂದೊಂದು ಮಾನಿಟರಿಗೂ ಸುತ್ತು ತಂದರು. ಸರ್ವರಿಗೆ ಎರಡು ಸುತ್ತು ಹೆಚ್ಚು. ಆಮೇಲೆ ಕಣ್ಣು ಮುಚ್ಚಿ ಗಂಟೆ ಹೊಡೆದರು. ಟಣ್! ಆಫೀಸಿಗೆ ಆಫೀಸೇ ಒಟ್ಟಿಗೆ ಎಂಟರ್ ಒತ್ತಿತು.

ಸರ್ವರ್ ಒಂದು ಸಲ ಗುಂಯ್ ಅಂದಿತು. ಮತ್ತೆ ಎಲ್ಲ ಪರದೆಗಳ ಮೇಲೂ ಚಕ್ರ ತಿರುಗತೊಡಗಿತು. ಮ್ಯಾನೇಜರದ್ದು ಮಾತ್ರ ಆರತಿ ಮುಗಿಸಿ ಬಂದು ಕುಳಿತ ಕೂಡಲೇ ತೆರೆಯಿತು. ಅವರದ್ದು ಹೊಸ ಕಂಪ್ಯೂಟರಲ್ಲವಾ ಅಂತ ನಾನು ಅದನ್ನು ಅಲ್ಲಿಗೇ ಬಿಟ್ಟೆ. ಆ ಪೆದ್ದುತನದ ಫಲ ಮುಂದೆ ಉಂಡೆ.

"ಎಂತ ಸಾರ್ ಇದು?" ಅಂತ ಕೇಳಿದೆ.

"ಕಂಪ್ಯೂಟರ್ ಬಂದ ಮೊದಲ ದಿನ ಭಟ್ರು ಮುಹೂರ್ತ ಇಟ್ಟು ಹೀಗೆ ಒಟ್ಟಿಗೆ ಶುರು ಮಾಡಿಸಿದ್ದು. ಅವತ್ತಿಂದ ತಪ್ಪಿಸ್ಲಿಲ್ಲ" ಅಂದರು ಹೆಮ್ಮೆಯಿಂದ.

"ಸಾರ್, ಅದು ಒಂದು ದಿನದ ಮುಹೂರ್ತ! ಮದುವೆ ಊಟಕ್ಕೆ ಇಡೀ ಪಂಕ್ತಿ ಒಟ್ಟಿಗೆ 'ಸಾಂಬಾರು, ಸಾಂಬಾರು' ಅಂತ ಬೊಬ್ಬೆ ಹಾಕಿದ್ರೆ ಬಡಿಸುವವ ಒಬ್ಬ ಎಂತ ಮಾಡುದು? ಒಬ್ಬೊಬ್ಬರಾಗಿ ಒತ್ತಿ ಅಂತ ಹೇಳಿ."

ಅವರಿಗೆ ಕೂಡಲೇ ಅರ್ಥವಾಯಿತು. ಆದರೆ ಮೊದಲು ಒತ್ತುವುದು ಯಾರು? ಅದರ ಮೇಲೆ ಚರ್ಚೆ ಶುರುವಾಯಿತು. ಇಬ್ಬರು ಹಿರಿಯ ಗುಮಾಸ್ತರು ಕೆಲಸಕ್ಕೆ ಸೇರಿದ ವರ್ಷದ ವಿಷಯಕ್ಕೆ ಮುಖ ಊದಿಸಿಕೊಂಡರು. ಕಡೆಗೆ ಸರ್ವಿಸಿನ ಹಿರಿತನದ ಪ್ರಕಾರ ಅಂತ ತೀರ್ಮಾನವಾಯಿತು. ಮ್ಯಾನೇಜರು ಒಬ್ಬೊಬ್ಬರಿಗೆ ಒಂದೊಂದು ಗಂಟೆ ಹೊಡೆಯುವುದು, ಅವರು ಒತ್ತುವುದು. ಚಕ್ರ ನಿಂತಿತು, ನನಗೂ ಖುಷಿಯಾಯಿತು.

ಎರಡು ದಿನ ಕಳೆದು ಮ್ಯಾನೇಜರ ಫೋನು. "ಮೇಡಂ, ಕಂಪ್ಯೂಟರ್ ಎಲ್ಲ ಬೇಗ ಆಗ್ತದೆ. ಆದ್ರೆ ಕೌಂಟರಿನಲ್ಲಿ ಕೂರುವ ಹುಡುಗಿ ಮೊನ್ನೆ ಸೇರಿದವಳು. ಅವಳ ಗಂಟೆ ಬರುವಾಗ ಹೊರಗೆ ಜನ ಗಲಾಟೆ ಮಾಡ್ತಾರೆ. ಈಗ ಕಂಪ್ಯೂಟರ್ ಸ್ಲೋ ಇಲ್ಲ, ನನ್ನ ಗಂಟೆಯೇ ಸ್ಲೋ!"

೩. ದಿಬ್ಬಣ

ಸುಳ್ಯ ಶಾಖೆಯ ಮ್ಯಾನೇಜರು ದೊಡ್ಡ ಕೃಷಿ ಮನೆತನದವರು. ಮನೆಯವರ ಹತ್ತಿರ ಅರೆಭಾಷೆ, ಗಿರಾಕಿಗಳ ಹತ್ತಿರ ತುಳು, ನನ್ನ ಹತ್ತಿರ ಕನ್ನಡ, ಕಂಪ್ಯೂಟರಿನ ಹತ್ತಿರ ಬೈಗುಳ. ಅವರೊಬ್ಬರದ್ದು ತೆರೆಯಲು ಇಡೀ ಶಾಖೆಗಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತಿತ್ತು. ಹೋಗಿ ನೋಡಿದರೆ, ಡೆಸ್ಕ್‌ಟಾಪಿನ ಮೇಲೆ ಅವರ ಮಗಳ ಮದುವೆಯ ವೀಡಿಯೊ. ನಿಶ್ಚಯ ಬೇರೆ, ಮದರಂಗಿ ಬೇರೆ, ಧಾರೆ ಬೇರೆ, ಊಟದ ಪಂಕ್ತಿಯದ್ದೇ ಎರಡು.

ಅಲ್ಲಿ ನಾನು ಒಂದು ಸಂಗತಿ ವಿವರಿಸಬೇಕಾಯಿತು. ಸಂಘದ ಯಾವ ಶಾಖೆಯಲ್ಲಿ ಯಾರು ಯಾವ ಕಂಪ್ಯೂಟರಿನಲ್ಲಿ ಕೂತರೂ ಅವರವರ ಸಾಮಾನು ಅವರಿಗೆ ಕಾಣುವ ಹಾಗೆ ಮಾಡಿಟ್ಟಿತ್ತು. ಹಾಗಾಗಿ ಡೆಸ್ಕ್‌ಟಾಪಿನಲ್ಲಿ ಇಟ್ಟದ್ದೆಲ್ಲ ಬೆಳಿಗ್ಗೆ ಲಾಗಿನ್ ಆಗುವಾಗ ಪುತ್ತೂರಿನ ಸರ್ವರಿನಿಂದ ಹೊರಟು ಸುಳ್ಯಕ್ಕೆ ಬರುತ್ತದೆ. ಸಂಜೆ ಆಫ್ ಮಾಡುವಾಗ ವಾಪಸು ಪುತ್ತೂರಿಗೆ ಹೋಗುತ್ತದೆ.

ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಅಲ್ಲ ಮಾರಾಯ್ತಿ, ಹಾಗಾದ್ರೆ ನನ್ನ ಮಗಳ ದಿಬ್ಬಣ ದಿನಾ ಬೆಳಿಗ್ಗೆ ಪುತ್ತೂರಿನಿಂದ ಸುಳ್ಯಕ್ಕೆ ಬರುದಾ?"

"ಹೌದು ಸಾರ್. ಸಂಜೆ ಹೋಗುದು ಸಹ."

"ಅಡುಗೆಯವರು, ವಾಲಗದವರು ಎಲ್ಲ ಸೇರಿ?"

"ಎಲ್ಲ ಸೇರಿ."

"ಅಯ್ಯೋ ದೇವರೇ! ನಿಜವಾದ ಮದುವೆಗೆ ಒಂದು ಬಸ್ಸು ಮಾಡಿ ಕರ್ಕೊಂಡು ಬರುವಾಗಲೇ ನನಗೆ ಸಾಕೋ ಸಾಕಾಗಿತ್ತು."

ವೀಡಿಯೊಗಳನ್ನೆಲ್ಲ ಒಂದು ಪೆನ್‌ಡ್ರೈವಿಗೆ ಹಾಕಿ ಅವರ ಕೈಗೆ ಕೊಟ್ಟೆ. ಸಾಗಿಸುವಾಗ ಧಾರೆಯ ಭಾಗ ತೆರೆದು ಸ್ವಲ್ಪ ನೋಡಿದರು, ಕಣ್ಣು ಒರೆಸಿಕೊಂಡರು. ಪಕ್ಕದ ಗುಮಾಸ್ತರೂ ಬಂದು ನಿಂತರು. ನನಗೆ ಒಂದು ಲೋಟ ಎಳನೀರು ಬಂತು. ಮಗಳನ್ನು ಇನ್ನೊಂದು ಸಲ ಕಳಿಸಿಕೊಟ್ಟ ಹಾಗೆಯೇ ಆಯಿತು. ಮರುದಿನದಿಂದ ಅವರ ಕಂಪ್ಯೂಟರು ಪಟಕ್ಕಂತ ತೆರೆಯಿತು.

ಮಳೆಗಾಲ ಬಂತು. ಸುಳ್ಯದಿಂದ ಪುನಃ ತಕರಾರು, ಕಂಪ್ಯೂಟರ್ ಏಳುವುದೇ ಇಲ್ಲ ಅಂತ. ರೈನ್‌ಕೋಟು ಹಾಕಿಕೊಂಡು, ಮೈಯೆಲ್ಲ ಕೆಸರು ಮಾಡಿಕೊಂಡು ಅಷ್ಟು ದೂರ ಹೋದೆ. ನೋಡಿದರೆ ಡೆಸ್ಕ್‌ಟಾಪಿನ ಮೇಲೆ ನಿಶ್ಚಯ, ಮದರಂಗಿ, ಧಾರೆ, ಊಟದ ಪಂಕ್ತಿ, ಎಲ್ಲವೂ ಹಾಜರು!

"ಸಾರ್! ಇದು ಎಂತಕ್ಕೆ ಪುನಃ ಬಂತು?" ಅಂತ ಕಿರುಚಿಯೇ ಬಿಟ್ಟೆ.

ಅವರು ಒಂದಿಷ್ಟೂ ಅಳುಕಲಿಲ್ಲ. "ಆಟಿ ತಿಂಗಳಲ್ವಾ ಮಾರಾಯ್ತಿ? ಹೊಸ ಮದುಮಗಳು ಆಟಿಗೆ ತವರಿಗೆ ಬರುವ ಕ್ರಮ ಉಂಟಲ್ಲ. ಮಗಳಿಗೆ ರಜೆ ಸಿಗ್ಲಿಲ್ಲ. ಹಾಗೆ ವೀಡಿಯೊವನ್ನಾದ್ರೂ ಕರ್ಕೊಂಡು ಬಂದೆ."

೪. ಕಡಬದ ಕಂಪ್ಯೂಟರಿನ ವಿರಹ

ಕಡಬದಲ್ಲಿ ಮದುವೆಯೂ ಇರಲಿಲ್ಲ, ಗಂಟೆಯೂ ಇರಲಿಲ್ಲ. ಆದರೂ ಪಾಸ್‌ವರ್ಡ್ ಹಾಕಿದ ಮೇಲೆ ಕಂಪ್ಯೂಟರುಗಳು ಮಂಕು ಬಡಿದ ಹಾಗೆ ಸುಮ್ಮನೆ ಕೂರುತ್ತಿದ್ದವು. ಅರ್ಧ ದಿನ ತಲೆ ಕೆಡಿಸಿಕೊಂಡ ಮೇಲೆ ಗೊತ್ತಾಯಿತು. ಅವು ಪ್ರತಿದಿನ ಬೆಳಿಗ್ಗೆ ಒಂದು ಹಳೆಯ ಪ್ರಿಂಟರನ್ನು ಹುಡುಕುತ್ತಿದ್ದವು. ಆ ಪ್ರಿಂಟರು ಸಿಗದೆ, ಕಾದು ಕಾದು, ಕಡೆಗೆ ಆಸೆ ಬಿಟ್ಟು ತೆರೆಯುತ್ತಿದ್ದವು.

"ಈ ಪ್ರಿಂಟರ್ ಎಲ್ಲಿ ಉಂಟು?" ಅಂತ ಕೇಳಿದೆ.

ಕೌಂಟರಿನ ಅಕ್ಕ ತಲೆ ತಗ್ಗಿಸಿದರು. "ಅದು ಹೋಯ್ತು ಮೇಡಂ. ಉಪ್ಪಿನಂಗಡಿ ಶಾಖೆಗೆ ಕೊಟ್ಟಿದ್ದು. ಅಲ್ಲಿ ನೆರೆ ಬಂದಾಗ ಗೋದಾಮಿನೊಳಗೆ ನೀರು ನುಗ್ಗಿ ಹೋಯ್ತು."

"ಹೋಗಿ ಎಷ್ಟು ಕಾಲ ಆಯ್ತು! ಇವು ಇನ್ನೂ ಹುಡುಕ್ತಾ ಉಂಟು."

ಅವರು ಮಾನಿಟರಿನ ತಲೆ ಸವರಿದರು. "ಅಯ್ಯೋ ಪಾಪ. ಇವಕ್ಕೆ ಯಾರೂ ಹೇಳ್ಲಿಲ್ವಾ?"

"ನಾವು ಹೇಳ್ಬೇಕಿತ್ತು ಅಕ್ಕ" ಅಂದರು ಆಚೆ ಮೇಜಿನ ಗುಮಾಸ್ತರು, ನಿಜವಾಗಿಯೂ ಬೇಸರದಿಂದ. "ಇಷ್ಟು ವರ್ಷ ಒಟ್ಟಿಗೆ ಇದ್ದವು."

ನನಗೆ ನಗು ತಡೆಯಲಿಕ್ಕಾಗಲಿಲ್ಲ. ಆ ಪ್ರಿಂಟರಿನ ಹೆಸರನ್ನು ಅಳಿಸಿ, ಒಂದು ಸಲ ತೆರೆದು ತೋರಿಸಿ, ಎಲ್ಲರಿಂದ ಶಹಬ್ಬಾಸ್ ಪಡೆದು ಮನೆಗೆ ಬಂದೆ. ಮರುದಿನ ಮಧ್ಯಾಹ್ನ ಕೌಂಟರಿನ ಅಕ್ಕನ ಫೋನು. ದನಿಯಲ್ಲಿ ಗಾಬರಿ.

"ಮೇಡಂ, ಪಾಸ್‌ವರ್ಡ್ ಹಾಕಿದ ಕೂಡ್ಲೆ ಓಪನ್ ಆಗ್ತದೆ."

"ಹಾಗೇ ಆಗ್ಬೇಕು ಅಕ್ಕ. ಸಂತೋಷ ಅಲ್ವಾ?"

"ಎಂತ ಸಂತೋಷ! ಇಷ್ಟು ಬೇಗ ಓಪನ್ ಆಗ್ಬೇಕಿದ್ರೆ ಅರ್ಧದಲ್ಲಿ ಎಂತದೋ ಬಿಟ್ಟು ಬಂದಿರ್ಬೇಕು ಅಂತ ಆಫ್ ಮಾಡಿ ಪುನಃ ಆನ್ ಮಾಡ್ತಾ ಇದ್ದೇವೆ. ಬೆಳಿಗ್ಗೆಯಿಂದ ಅದೇ ಕೆಲಸ."

೫. ಯಾರಿಗೂ ಹೇಳ್ಬೇಡಿ

ಇಲ್ಲಿ ಒಂದು ಹಳೆಯ ಪ್ರಸಂಗ ಹೇಳಬೇಕು. ದರ್ಬೆಯಲ್ಲಿ ಒಬ್ಬರು ಹೆಡ್‌ಕ್ಲಾರ್ಕ್ ಇದ್ದರು, ಈಗ ರಿಟೈರ್ ಆಗಿದ್ದಾರೆ. ಭಾರೀ ಶಿಸ್ತಿನ ಮನುಷ್ಯ. ಮೇಜಿನ ಮೇಲೆ ಒಂದು ಕಾಗದದ ಚೂರು ಇಲ್ಲ, ಕಂಪ್ಯೂಟರಿನಲ್ಲೂ ಒಂದು ಕಸ ಇಲ್ಲ. ಇದ್ದದ್ದು ಒಂದೇ ದೋಷ. ಅವರ ದನಿ. ಅವರು ಗುಟ್ಟು ಹೇಳಿದರೆ ಬಸ್‌ಸ್ಟ್ಯಾಂಡಿಗೆ ಕೇಳುತ್ತಿತ್ತು.

ಅವರ ಪಾಸ್‌ವರ್ಡು ಅವರ ಮನೆಯ ದನದ ಹೆಸರು, ಬೊಳ್ಳಿ. ಬೆರಳಚ್ಚಿಸುವಾಗ ಒಂದೊಂದು ಅಕ್ಷರವನ್ನೂ ಬಾಯಿಬಿಟ್ಟು ಹೇಳಿಯೇ ಒತ್ತುವುದು. "ಬೀ... ಓ... ಎಲ್ಲು... ಇನ್ನೊಂದು ಎಲ್ಲು... ಐ!" ಹೊರಗೆ ಗೊಬ್ಬರಕ್ಕೆ ಬಂದು ನಿಂತವರೂ ಬೇಸರ ಕಳೆಯಲು ಒಟ್ಟಿಗೆ ಹೇಳುತ್ತಿದ್ದರು.

"ಸಾರ್, ಪಾಸ್‌ವರ್ಡ್ ಗುಟ್ಟಾಗಿ ಇಡ್ಬೇಕು!" ಅಂತ ನಾನು ಸಿಡುಕಿದೆ.

"ದನದ ಹೆಸರಿನಲ್ಲಿ ಎಂತ ಗುಟ್ಟು ಮಗಳೇ? ಇಡೀ ಊರು ಅದರ ಹಾಲು ಕುಡಿದಿದೆ" ಅಂದರು.

ನಾನು ಬಿಡಲಿಲ್ಲ. ಬದಲಾಯಿಸಲೇಬೇಕು, ಮುಂದೆ ಅಂಕಿಯಾದರೂ ಸೇರಿಸಬೇಕು ಅಂತ ಹಟ ಹಿಡಿದೆ. ಅವರು ಶಿಸ್ತಿನವರಲ್ಲವಾ, ಒಪ್ಪಿದರು, ಬದಲಾಯಿಸಿದರು. ಮತ್ತೆ ಎದ್ದು ಒಂದೊಂದು ಮೇಜಿನ ಹತ್ತಿರವೂ ಹೋಗಿ ಹೇಳಿದರು: "ಕೇಳಿ, ಇವತ್ತಿಂದ ನನ್ನದು ಬರೇ ಬೊಳ್ಳಿ ಅಲ್ಲ. ಬೊಳ್ಳಿ ಒನ್ ಟೂ ತ್ರೀ. ಯಾರಿಗೂ ಹೇಳ್ಬೇಡಿ."

೬. ಮಹಾಸಭೆ

ಇಷ್ಟೆಲ್ಲ ಆಗಿ ಮಹಾಸಭೆಯ ದಿನ ಹತ್ತಿರ ಬಂತು. ಎಲ್ಲ ಶಾಖೆಗಳೂ ಸುಸೂತ್ರ ತೆರೆಯುತ್ತಿದ್ದವು. ಅಧ್ಯಕ್ಷರು ಫೋನು ಮಾಡಿ, "ಸ್ಟೇಜಿನ ಮೇಲೆ, ದೊಡ್ಡ ಪರದೆಯಲ್ಲಿ, ಎಲ್ಲರ ಎದುರು ಓಪನ್ ಮಾಡಿ ತೋರಿಸುವ. ಆ ದಿಂಬಿನವರ ಬಾಯಿ ಅಲ್ಲೇ ಮುಚ್ಚಬೇಕು. ಸರಿ ಆದ್ರೆ ಕೆಲಸ ನಿಮಗೇ. ತಪ್ಪಿದ್ರೆ ಮಂಗಳೂರು" ಅಂದರು. ನನಗೂ ಧೈರ್ಯ ಇತ್ತು, ಒಪ್ಪಿದೆ.

ಹಿಂದಿನ ದಿನ ಆಫೀಸು ಮುಚ್ಚಿದ ಮೇಲೆ ಕೊನೆಯ ಸಲ ಸರ್ವರ್ ನೋಡಿದೆ. ಬೇಡದ್ದನ್ನೆಲ್ಲ ಗುಡಿಸುವಾಗ ರಿಟೈರ್ ಆದ ಹೆಡ್‌ಕ್ಲಾರ್ಕರ ಹೆಸರಿನ ಖಾತೆ ಇನ್ನೂ ಜೀವಂತ ಇರುವುದು ಕಂಡಿತು. ಛೆ, ಇಷ್ಟು ದಿನ ಇದನ್ನು ಬಿಟ್ಟಿದ್ದೆನಲ್ಲ ಅಂತ ಅದನ್ನು ಬಂದ್ ಮಾಡಿದೆ. ಎಂಥ ಒಳ್ಳೆಯ ಕೆಲಸ ಮಾಡಿದೆ ಅಂತ ನನಗೆ ನಾನೇ ಬೆನ್ನು ತಟ್ಟಿಕೊಂಡು ಮನೆಗೆ ಹೋಗಿ ಚೆನ್ನಾಗಿ ನಿದ್ದೆ ಮಾಡಿದೆ.

ಸಭಾಭವನ ತುಂಬಿತ್ತು. ಚಾ, ಗೋಳಿಬಜೆ ಹಂಚುತ್ತಿದ್ದರು. ಮೊದಲ ಸಾಲಿನಲ್ಲೇ ಬೆಳ್ಳಾರೆಯ ಸದಸ್ಯರು. ಹೇಳಿದ ಮಾತಿಗೆ ತಪ್ಪದೆ ಚೀಲದಲ್ಲಿ ದಿಂಬು ತಂದಿದ್ದರು. ಅದನ್ನು ತೊಡೆಯ ಮೇಲಿಟ್ಟು, ಕೈಯಲ್ಲಿ ಒಂದು ಗೋಳಿಬಜೆ ಹಿಡಿದು, "ಹೂಂ, ಶುರು ಮಾಡಿ ನೋಡುವ" ಅನ್ನುವ ಹಾಗೆ ಕುಳಿತಿದ್ದರು. ನಾನು ಸ್ಟೇಜಿನ ಬದಿಯಲ್ಲಿ ನನ್ನ ಲ್ಯಾಪ್‌ಟಾಪು ಹಿಡಿದು ನಿಂತಿದ್ದೆ.

ದರ್ಬೆಯ ಮ್ಯಾನೇಜರು ಬಂದು ಕಂಪ್ಯೂಟರಿನ ಮುಂದೆ ಕುಳಿತರು. ಹೆಸರು ಹಾಕಿದರು, ಪಾಸ್‌ವರ್ಡ್ ಹಾಕಿದರು, ಎಂಟರ್ ಒತ್ತಿದರು. ಪರದೆಯ ಮೇಲೆ ಇಷ್ಟು ದೊಡ್ಡ ಅಕ್ಷರದಲ್ಲಿ ಬಂತು. ಈ ಖಾತೆಯನ್ನು ಬಂದ್ ಮಾಡಲಾಗಿದೆ.

ಸಭೆ ಗೊಳ್ಳೆಂದಿತು. ಇವರ ಖಾತೆಯನ್ನು ನಾನು ಮುಟ್ಟಲೇ ಇಲ್ಲವಲ್ಲ! ಆಗ ಪರದೆಯಲ್ಲಿ ಹಾಕಿದ್ದ ಹೆಸರು ಕಣ್ಣಿಗೆ ಬಿತ್ತು. ಅದು ಮ್ಯಾನೇಜರದ್ದಲ್ಲ, ರಿಟೈರ್ ಆದ ಹೆಡ್‌ಕ್ಲಾರ್ಕರದ್ದು.

ಅದೇ ಹೊತ್ತಿಗೆ ಹಿಂದಿನ ಸಾಲಿನಿಂದ ಮೈಕಿಲ್ಲದೆ ಇಡೀ ಭವನಕ್ಕೆ ಕೇಳುವ ದನಿ ಬಂತು. "ಅಲ್ಲಿ ನನ್ನ ಹೆಸರು ಎಂತಕ್ಕೆ ಉಂಟು?" ಹೆಡ್‌ಕ್ಲಾರ್ಕರು! ಅವರೂ ಸದಸ್ಯರೇ, ಹೆಂಡತಿಯ ಜೊತೆ ಸಭೆಗೆ ಬಂದಿದ್ದರು.

ಮ್ಯಾನೇಜರು ಬೆವರು ಒರೆಸಿಕೊಂಡರು. "ಅದು... ಅಧ್ಯಕ್ಷರೇ... ಅವರದ್ದರಲ್ಲಿ ಕಸ ಇಲ್ಲದ ಕಾರಣ ಮೊದಲಿಂದಲೂ ಬೇಗ ಓಪನ್ ಆಗ್ತಿತ್ತು. ಹಾಗೆ ನಾನು ಅದನ್ನೇ..."

"ನೀವೊಬ್ಬರೇನಾ?" ಅಂತ ಅಧ್ಯಕ್ಷರು ಗುಡುಗಿದರು.

ಮತ್ತೆ ಸುಳ್ಯದ ಮ್ಯಾನೇಜರು ಮೆಲ್ಲ ಎದ್ದರು. "ನಾವು ಕರೆಂಟು ಹೋಗಿ ಬಂದಾಗ ಮಾತ್ರ." ಕಡಬದ ಅಕ್ಕನೂ ಎದ್ದರು, "ನಾವು ಸಹ ಕರೆಂಟು ಹೋದಾಗ ಮಾತ್ರ." ಸಂಪಾಜೆಯ ಗುಮಾಸ್ತರು, "ನಾನು ಬಸ್ಸು ಲೇಟಾದಾಗ" ಅಂದರು. ನಮ್ಮಲ್ಲಿ ಕರೆಂಟು ದಿನಕ್ಕೆ ಎಷ್ಟು ಸಲ ಹೋಗುತ್ತದೆ ಅಂತ ಸಭೆಯಲ್ಲಿ ಯಾರಿಗೂ ಹೇಳಬೇಕಾಗಿರಲಿಲ್ಲ.

"ಅವರ ಪಾಸ್‌ವರ್ಡ್ ನಿಮಗೆ ಹೇಗೆ ಗೊತ್ತು?"

"ಅದು ಎಲ್ಲರಿಗೂ ಗೊತ್ತುಂಟು ಅಧ್ಯಕ್ಷರೇ."

"ಎಲ್ಲರಿಗೂ ಅಂದ್ರೆ ಯಾರಿಗೆ?"

ಇಡೀ ಸಭಾಭವನ, ಮಕ್ಕಳು ಮುದುಕರೆನ್ನದೆ, ಒಂದೇ ದನಿಯಲ್ಲಿ ಹೇಳಿತು: "ಬೊಳ್ಳಿ ಒನ್ ಟೂ ತ್ರೀ!"

ಅಧ್ಯಕ್ಷರು ತಲೆಗೆ ಕೈ ಹೊತ್ತು ಕುಳಿತರು. ನನ್ನ ಸಿಟ್ಟು ನೆತ್ತಿಗೇರಿತು. ಹೆದರಿಕೆಯೆಲ್ಲ ಎಲ್ಲಿ ಹೋಯಿತೋ, ಸೀದಾ ಸ್ಟೇಜಿಗೆ ಹತ್ತಿದೆ. "ಸಾರ್, ಒಂದು ವರ್ಷ ಮಳೆ ಬಿಸಿಲು ನೋಡದೆ ನಾನು ಇದನ್ನು ಸರಿ ಮಾಡಿದ್ದು. ಈಗ ಎಲ್ಲರದ್ದೂ ಬೇಗ ಆಗ್ತದೆ. ನಿಮ್ಮದರಲ್ಲೇ ಹೋಗಿ ತೋರಿಸಿ!"

ಮ್ಯಾನೇಜರು ನನ್ನ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದರು. "ನನ್ನ ಪಾಸ್‌ವರ್ಡ್ ನೆನಪಿಲ್ಲ ಮೇಡಂ. ಅವರು ರಿಟೈರ್ ಆದ ಮೇಲೆ ಹಾಕಿಯೇ ಇಲ್ಲ." ಅವರ ಎದುರಿಗೆ ಮೈಕು ಇತ್ತು. ಅದೂ ಎಲ್ಲರಿಗೂ ಕೇಳಿತು.

ಸಭೆಯ ನಗು ನಿಲ್ಲುವಷ್ಟರಲ್ಲಿ ನನ್ನ ಲ್ಯಾಪ್‌ಟಾಪಿನಿಂದ ಅವರಿಗೆ ಹೊಸ ಪಾಸ್‌ವರ್ಡ್ ಮಾಡಿಕೊಟ್ಟೆ. ಅವರು ಹಾಕಿದರು. ಎಂಟರ್ ಮೇಲೆ ಬೆರಳಿಟ್ಟರು. ಇಟ್ಟು, ಸುಮ್ಮನೆ ಕುಳಿತರು!

"ಒತ್ತಿ ಸಾರ್!"

"ಗಂಟೆ..." ಅಂದರು ದೀನರಾಗಿ.

ಅಧ್ಯಕ್ಷರ ಮೇಜಿನ ಮೇಲೆ ಗದ್ದಲ ನಿಲ್ಲಿಸಲು ಇಟ್ಟ ಗಂಟೆ ಇತ್ತು. ಅದನ್ನು ಕಿತ್ತುಕೊಂಡು ನಾನೇ ಹೊಡೆದೆ. ಟಣ್! ಅವರು ಒತ್ತಿದರು. ಆ ಗಂಟೆಯ ಸದ್ದು ಅಡಗುವ ಮೊದಲೇ ಪರದೆ ಬೆಳ್ಳಗೆ ತೆರೆದುಕೊಂಡಿತು. ಸಾಮಾನುಗಳ ಪಟ್ಟಿ, ಬಿಲ್ಲಿನ ಪುಟ, ಎಲ್ಲ ಸಿದ್ಧ.

ಬೆಳ್ಳಾರೆಯ ಸದಸ್ಯರು ಬಾಯಿ ತೆರೆದುಕೊಂಡೇ ಎದ್ದು ನಿಂತರು. ಕೈಯಲ್ಲಿದ್ದ ಗೋಳಿಬಜೆ ಅರ್ಧ ದಾರಿಯಲ್ಲೇ ಇತ್ತು. "ಬಾಯಿಗೆ ಹಾಕ್ಲಿಕ್ಕೆ ಸಹ ಬಿಡ್ಲಿಲ್ಲ ಮಾರಾಯ್ರೆ!" ಅಂದರು. ಮತ್ತೆ ಸ್ಟೇಜಿನ ಹತ್ತಿರ ಬಂದು ದಿಂಬನ್ನು ನನ್ನ ಕೈಗೆ ಕೊಟ್ಟರು. "ಇದು ನೀವು ಇಟ್ಕೊಳ್ಳಿ ಮೇಡಂ. ಈ ಜನರನ್ನು ಕಟ್ಕೊಂಡು ನಿಮಗೆ ಸುಸ್ತಾಗಿರ್ಬೇಕು."

ಚಪ್ಪಾಳೆಯೋ ಚಪ್ಪಾಳೆ. ಅಧ್ಯಕ್ಷರು ಮೈಕಿನಲ್ಲೇ "ಕೆಲಸ ಇವರಿಗೇ, ಮಂಗಳೂರು ಗಿಂಗಳೂರು ಎಲ್ಲ ಇಲ್ಲ" ಅಂತ ಹೇಳಿಬಿಟ್ಟರು. ನನಗೆ ಅಳುವೇ ಬಂತು, ದಿಂಬು ಇತ್ತಲ್ಲ, ಅದಕ್ಕೇ ಮುಖ ಒರೆಸಿಕೊಂಡೆ.

ಆಮೇಲೆ ಅಧ್ಯಕ್ಷರು ಹೆಡ್‌ಕ್ಲಾರ್ಕರನ್ನೂ ಸ್ಟೇಜಿಗೆ ಕರೆದರು. ಒಂದು ಶಾಲು ತರಿಸಿ ಹೊದೆಸಿದರು. "ರಿಟೈರ್ ಆದ ಮೇಲೆ ಸಹ ಪುತ್ತೂರು, ಸುಳ್ಯ, ಕಡಬ, ಎಲ್ಲ ಕಡೆ ಒಂದೇ ಹೊತ್ತಿಗೆ, ಒಂದು ರಜೆ ಸಹ ಹಾಕದೆ ದುಡಿದವರು ನಮ್ಮ ಸಂಘದಲ್ಲಿ ಇವರೊಬ್ಬರೇ" ಅಂದರು.

ಹೆಡ್‌ಕ್ಲಾರ್ಕರು ಶಾಲು ಸರಿಮಾಡಿಕೊಂಡು, "ಇನ್ನಾದ್ರೂ ನನ್ನನ್ನು ರಿಟೈರ್ ಮಾಡಿ ಅಧ್ಯಕ್ಷರೇ" ಅಂತ ಕೈ ಮುಗಿದರು.

ಹೆಂಗಸರ ಸಾಲಿನಿಂದ ಅವರ 'ಮನೆಯವರು' ಎದ್ದು ನಿಂತರು. ದನಿಯಲ್ಲಿ ಅವರೂ ಗಂಡನಿಗೆ ಏನೂ ಕಡಿಮೆಯಿಲ್ಲ. "ಹಾಗೆಯಾ ವಿಷಯ! ಒಂದು ತೆಂಗಿನಕಾಯಿ ತುರಿದು ಕೊಡಿ ಅಂದ್ರೆ ಈ ಜನ ದಿನಾ 'ಸುಸ್ತು, ಸುಸ್ತು' ಅಂತ ಈಸಿಚೇರಿನಲ್ಲಿ ಬಿದ್ಕೊಳ್ಳುದು. ನಾನು ಪಾಪ, ಇಷ್ಟು ವರ್ಷ ಸುಮ್ಮನೆ ಬೈದೆ!"